ಸೀಳಿದ ಹರವಿ, ತುಟಿ ಮುರಿದ ಭರಣಿ: ಹಳೇ ಪಾತ್ರೆಗಳಿಗೆ ಹಿತ್ತಲಿನಲ್ಲಿ ಕೆಲಸ

ಹಳೇ ಮಣ್ಣಿನ ಪಾತ್ರೆ ಕೂಡಿಡುವವರ ಮನೆಯಲ್ಲಿ ಚಂದದ ಪಾತ್ರೆಗಿಂತ ಪೆಟ್ಟು ತಿಂದ ಪಾತ್ರೆಯೇ ಜಾಸ್ತಿ ಇರುತ್ತದೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲೂ ಹಾಗೇ. ಸೀಳಿದ ಹರವಿ, ತುಟಿ ಮುರಿದ ಉಪ್ಪಿನಕಾಯಿ ಭರಣಿ, ಮುಚ್ಚಳ ಕಳೆದ ಜಾಡಿ, ಕಂಠ ಹಾರಿದ ಮಗಿ (ಸಣ್ಣ ಗಡಿಗೆ). ಇವನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಈ ಬೇಸಿಗೆಗೆ ಕೆಳಗಿಳಿಸಿ ಹಿತ್ತಲಿಗೆ ತಂದೆ. ಹಕ್ಕಿಗಳಿಗೆ ನೀರಿನ ತಟ್ಟೆ, ಕಪ್ಪೆಗೆ ಆಸರೆ, ಗುಬ್ಬಿಗೆ ಗೂಡು ಮಾಡಬೇಕು ಅಂತ ಆಸೆ. ಯಾವ ಪಾತ್ರೆ ಯಾವ ಕೆಲಸಕ್ಕೆ ಆಗುತ್ತದೆ ಅನ್ನುವುದನ್ನು ಅದರ ಮಣ್ಣೇ ಹೇಳುತ್ತದೆ. ಅದನ್ನು ಕೇಳಿಕೊಂಡು ಕೆಲಸ ಮಾಡಿದರೆ ರಿಪೇರಿಯೂ ಕಡಿಮೆ, ಪಾತ್ರೆಗೂ ಒಳ್ಳೆಯದು, ಬರುವ ಜೀವಕ್ಕೂ ಒಳ್ಳೆಯದು.

ನನ್ನ ಹತ್ತಿರ ಇರುವುದರಲ್ಲಿ ಅರ್ಧ ಬೆಳಗಾವಿ ಜಿಲ್ಲೆಯ ಖಾನಾಪುರದ ಕೆಂಪು ಮಣ್ಣಿನವು. ಕುಂಬಾರಿಕೆಗೆ ಹೆಸರಾದ ಊರು ಅದು. ಹಿಂದೆ ನಮ್ಮ ಕಡೆ ಅಡುಗೆಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಇದ್ದೇ ಇರುತ್ತಿತ್ತು. ಉಳಿದವು ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ, ಹಳೇ ಮನೆ ಕೆಡವುವ ಕಡೆ ಸಿಕ್ಕವು. ಮೇಲರ್ಧ ಕಂದು, ಕೆಳಗರ್ಧ ಕೆನೆ ಬಣ್ಣದ ಭರಣಿಗಳು. ಕೆಲವು ಕಲ್ಲುಮಣ್ಣಿನ (ಹೆಚ್ಚು ಬಿಸಿಯಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಇಂಕ್ ಬಾಟಲಿಗಳು. ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದಿಂದಲೂ ಶಾಲೆ, ಕಚೇರಿಗಳ ಊರು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆ ಇಲ್ಲಿಗೆ ಬಂದದ್ದು 1837ರಲ್ಲಿ, ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಬರೆಯುವವರು ಅಷ್ಟೊಂದು ಇದ್ದ ಊರಿನಲ್ಲಿ ಇಂಕಿನ ಬಾಟಲಿ ಸಿಗುವುದು ಸಹಜ, ಅಲ್ವಾ? ಬಣ್ಣದ ಗೆರೆ ಬರೆದ ಒಂದು ಮದುವೆಯ ಐರಾಣಿ ಗಡಿಗೆಯೂ ಇದೆ. ಮಳೆ ತಾಗಿದರೆ ಆ ಬಣ್ಣ ಹೋಗುತ್ತದೆ. ಅದು ಕಪಾಟಿನಲ್ಲೇ ಇರಲಿ.

ಮೊದಲು ಮಣ್ಣಿನ ಪರೀಕ್ಷೆ

ಎರಡು ಪರೀಕ್ಷೆ ಸಾಕು. ಬೆರಳ ಗೆಣ್ಣಿನಿಂದ ಬಡಿಯಬೇಕು. ಆಮೇಲೆ ಮೆರುಗು (ಗಾಜಿನಂಥ ಹೊಳಪಿನ ಪದರ) ಇಲ್ಲದ ಜಾಗದಲ್ಲಿ, ಸಾಮಾನ್ಯವಾಗಿ ತಳದಲ್ಲಿ, ಒಂದು ಹನಿ ನೀರು ಬಿಡಬೇಕು.

ಹನಿ ಕೂಡಲೇ ಇಂಗಿದರೆ ಅದು ಕಡಿಮೆ ಬಿಸಿಯಲ್ಲಿ ಸುಟ್ಟ ಮಣ್ಣು. ಕುಂಬಾರರ ಆವಿಗೆಯಲ್ಲಿ ಹೆಚ್ಚಾಗಿ 1000 ಡಿಗ್ರಿಗಿಂತ ಕಡಿಮೆ ಬಿಸಿ ಇರುತ್ತದೆ. ಅಷ್ಟರಲ್ಲಿ ಮಣ್ಣಿನ ಕಣ ಒಂದಕ್ಕೊಂದು ಅಂಟುತ್ತವೆ, ಆದರೆ ನಡುವಿನ ಸಂದಿ ಮುಚ್ಚುವುದಿಲ್ಲ. ಆ ಸಂದಿಯಿಂದ ನೀರು ಹೊರಗೆ ಜಿನುಗಿ ಆರುತ್ತದೆ. ಆರುವಾಗ ಪಾತ್ರೆಯ ಬಿಸಿ ಹೀರಿಕೊಂಡು ಹೋಗುತ್ತದೆ. ಹರವಿಯ ನೀರು ತಣ್ಣಗಿರುವುದು ಇದರಿಂದ. ಕಪ್ಪೆಗೆ ಬೇಕಾದದ್ದೂ ಇದೇ ತಂಪು.

ಹನಿ ಹಾಗೇ ನಿಂತು, ಬಡಿದಾಗ ಗಂಟೆಯಂಥ ದನಿ ಬಂದರೆ ಅದು ಕಲ್ಲುಮಣ್ಣು. ಭರಣಿ, ಇಂಕ್ ಬಾಟಲಿ ಈ ಜಾತಿಯವು. ಇವನ್ನು ಸುಡುವುದು ಸುಮಾರು 1200 ಡಿಗ್ರಿಯಲ್ಲಿ ಅಥವಾ ಅದಕ್ಕೂ ಮೇಲೆ. ಆ ಬಿಸಿಯಲ್ಲಿ ಮಣ್ಣು ಅರ್ಧ ಗಾಜಾಗಿ ಸಂದಿಯೆಲ್ಲ ಮುಚ್ಚಿಹೋಗುತ್ತದೆ. ಕೆಲವು ಪಾತ್ರೆಗಳ ಮೈ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಇರುತ್ತದೆ. ಅದು ಉಪ್ಪಿನ ಮೆರುಗು. ಕಾದ ಕುಲುಮೆಗೆ ಉಪ್ಪು ಎಸೆಯುತ್ತಾರೆ. ಉಪ್ಪಿನ ಸೋಡಿಯಂ ಹಬೆಯಾಗಿ ಹೋಗಿ ಮಣ್ಣಿನ ಮರಳಿನ ಜೊತೆ ಸೇರಿ ಮೈಮೇಲೆ ಗಾಜಿನ ಪದರ ಆಗುತ್ತದೆ. ಬಿಸಿಲು, ಮಳೆ ಯಾವುದಕ್ಕೂ ಜಗ್ಗದ ಪಾತ್ರೆಗಳಿವು. ಭಾರ ಹೊರುವ ಕೆಲಸ ಇವಕ್ಕೆ ಸರಿ.

ಮೂರನೆಯ ಗುಂಪು ಹಳದಿ, ಹಸಿರು, ಕೆಂಪು ಮೆರುಗಿನ ಹಳೇ ಬಟ್ಟಲು, ತಟ್ಟೆಗಳದ್ದು. ಕಡಿಮೆ ಬಿಸಿಯಲ್ಲಿ ಹೊಳಪು ಬರಲಿ ಅಂತ ಹಿಂದೆ ಸೀಸ ಅನ್ನುವ ವಿಷದ ಲೋಹ ಬಳಸುತ್ತಿದ್ದರು. ಇಂಥ ಪಾತ್ರೆಯಲ್ಲಿ ನಾನು ಹಕ್ಕಿಗೆ ನೀರು ಇಡುವುದಿಲ್ಲ. ಮನೆಯವರಿಗೆ ಊಟಕ್ಕೂ ಇಡುವುದಿಲ್ಲ. ನೋಡಲು ಚಂದ, ಅಷ್ಟು ಸಾಕು.

ಉಪ್ಪು ತೆಗೆಯುವುದು

ಉಪ್ಪಿನಕಾಯಿ ಭರಣಿಗೆ ಈ ಕೆಲಸ ಬಿಡುವಂತಿಲ್ಲ. ಮೆರುಗಿನಲ್ಲಿ ಕೂದಲೆಳೆಯ ಬಿರುಕುಗಳ ಬಲೆ ಇರುತ್ತದೆ. ವರ್ಷಗಟ್ಟಲೆ ಉಪ್ಪುನೀರು ಅದರೊಳಗೆ ಇಳಿದಿರುತ್ತದೆ. ಪಾತ್ರೆ ಒಣಗಿದಾಗ ಆ ಉಪ್ಪು ಹರಳುಗಟ್ಟಿ ಹಿಗ್ಗುತ್ತದೆ, ಮೆರುಗನ್ನು ಒಳಗಿಂದ ಎಬ್ಬಿಸುತ್ತದೆ. ಮೈಮೇಲೆ ಬಿಳಿ ಹುಡಿ ಕಂಡರೆ ಉಪ್ಪು ಇನ್ನೂ ಇದೆ ಅಂತಲೇ ಅರ್ಥ. ನಾನು ಭರಣಿಯನ್ನು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಮುಳುಗಿಸಿ ದಿನಾ ನೀರು ಬದಲಿಸಿದೆ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಬೋರ್‌ವೆಲ್ ನೀರಿನಲ್ಲಿ ಮೊದಲೇ ಉಪ್ಪಿನಂಶ ಇರುತ್ತದೆ. ಹೊರಗೆ ತೆಗೆದು, ನೆರಳಲ್ಲಿ ಒಣಗಿಸಿ, ಮತ್ತೆ ಹುಡಿ ಎದ್ದರೆ ಮತ್ತೆ ನೆನೆಹಾಕಬೇಕು. ಆಸಿಡ್ ಬೇಡ, ತಂತಿಯ ಬ್ರಶ್ ಬೇಡ. ತೆಂಗಿನ ನಾರು, ನೀರು, ತಾಳ್ಮೆ ಇದ್ದರೆ ಆಯಿತು.

ಹರವಿ: ಅಂಟಿಸಿ ಹೂಳಿದ್ದು

ಹರವಿಯ ಸೀಳು ಕಂಠದಿಂದ ಶುರುವಾಗಿ ಹೊಟ್ಟೆಯ ಅರ್ಧಕ್ಕೆ ಬಂದು ನಿಂತಿತ್ತು. ನೀರು ತುಂಬುವ ಕೆಲಸ ಅದರಿಂದ ಇನ್ನು ಆಗದು. ಆದರೆ ಅಡ್ಡ ಮಲಗಿಸಿ ಅರ್ಧ ಹೂಳಿದರೆ ಕಪ್ಪೆಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಮೇಲಿನ ಮಣ್ಣಿನ ಭಾರಕ್ಕೆ ಸೀಳು ಮುಂದೆ ಓಡಬಾರದು, ಅಷ್ಟೇ ನನಗೆ ಬೇಕಾದದ್ದು. ಹೊಸದರ ಹಾಗೆ ಕಾಣುವಂತೆ ಮಾಡುವ ಅಗತ್ಯ ಇರಲಿಲ್ಲ.

ಅಂಟು ಹಚ್ಚುವ ಮೊದಲು ಪಾತ್ರೆ ಪೂರ್ತಿ ಒಣಗಿರಬೇಕು. ಇಂಥ ಮಣ್ಣು ಒಳಗೊಳಗೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ತೇವದ ಮೇಲೆ ಎಪಾಕ್ಸಿ (ಎರಡು ಟ್ಯೂಬಿನದು ಕಲಸಿ ಹಚ್ಚುವ ಅಂಟು) ಕಚ್ಚುವುದಿಲ್ಲ. ಏಪ್ರಿಲ್ ಬಿಸಿಲಿಗೆ ಇಟ್ಟು ಒಣಗಿಸಿದೆ. ಸೀಳಿನ ಬಾಯಿಯನ್ನು ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ ಹುಡಿ ತೆಗೆದೆ. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಎಪಾಕ್ಸಿ ತಂದೆ. ಐದೇ ನಿಮಿಷಕ್ಕೆ ಗಟ್ಟಿಯಾಗುವ ಬಗೆ ಇಲ್ಲಿಗೆ ಸಲ್ಲದು, ಅದು ಸಂದಿಗೆ ಇಳಿಯುವ ಮೊದಲೇ ಬಿಗಿಯುತ್ತದೆ. ಎರಡೂ ಟ್ಯೂಬಿನಿಂದ ಸಮ ಸಮ ತೆಗೆದು ಕಲಸಿ, ಬೆಂಕಿಕಡ್ಡಿಯಿಂದ ಸೀಳಿಗೆ ತುಂಬಿದೆ. ಪಾತ್ರೆ ಸ್ವಲ್ಪ ಬೆಚ್ಚಗಿದ್ದರೆ ಅಂಟು ತೆಳುವಾಗಿ ತಾನಾಗಿಯೇ ಒಳಗೆ ಹರಿಯುತ್ತದೆ. ಆಮೇಲೆ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹೊಟ್ಟೆಯ ಸುತ್ತ ಬಿಗಿದೆ. ರಬ್ಬರ್ ಎಲ್ಲ ಕಡೆ ಒಂದೇ ಸಮ ಒತ್ತುತ್ತದೆ. ಹಗ್ಗ ಹಾಗೆ ಒತ್ತುವುದಿಲ್ಲ. 24 ಗಂಟೆ ಮುಟ್ಟಲಿಲ್ಲ.

ಕಂಠದ ಹತ್ತಿರ ಉಗುರಿನಷ್ಟು ಚೂರು ಬಿದ್ದುಹೋಗಿತ್ತು. ಅದೇ ಹರವಿಯ ಒಂದು ಬೋಕಿಯನ್ನು (ಒಡೆದ ಚೂರನ್ನು) ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಆ ಪುಡಿಯನ್ನು ಎಪಾಕ್ಸಿಗೆ ಕಲಸಿ ತುಂಬಿದೆ. ಬಣ್ಣ ತಂತಾನೇ ಹೊಂದಿಕೊಂಡಿತು. ಬಿಸಿಲಿಗೆ ಎಪಾಕ್ಸಿ ಹಳದಿಯಾಗಿ ಬಿರುಸಾಗುತ್ತದೆ. ಅದಕ್ಕೇ ಸೀಳಿನ ಬದಿಯನ್ನು ನೆಲದ ಕಡೆ ತಿರುಗಿಸಿ ಹೂಳಿದೆ.

ಜಾಗ ಪೇರಲ ಗಿಡದ ನೆರಳು. ಬಾಯಿ ಉತ್ತರಕ್ಕೆ. ಒಳಗೆ ಮೂರರಲ್ಲಿ ಒಂದು ಭಾಗ ಸಡಿಲ ಮಣ್ಣು, ಒಣ ಎಲೆ. ಕಪ್ಪೆ ಹಿಂಗಾಲಿನಿಂದ ಮಣ್ಣು ತೋಡಿಕೊಂಡು ಹಿಂದಕ್ಕೆ ಇಳಿಯುತ್ತದೆ, ಅದಕ್ಕೆ ಮೆತ್ತಗಿನ ನೆಲ ಬೇಕು. ಬಾಯಿಗೆ ಒಂದು ಹಳೇ ಮಂಗಳೂರು ಹೆಂಚನ್ನು ಓರೆಯಾಗಿ ಒರಗಿಸಿ ಮೂರು ಇಂಚು ಸಂದಿ ಬಿಟ್ಟೆ. ಬೆಕ್ಕು ನುಗ್ಗುವುದಿಲ್ಲ. ಈ ಬಗೆಯ ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ. ಮಾಳಮಡ್ಡಿಯಲ್ಲಿ ಹಳೇ ಮನೆಗಳು ಬಿದ್ದಂತೆಲ್ಲ ಹೆಂಚು ರಾಶಿ ರಾಶಿ ಹೊರಗೆ ಬರುತ್ತದೆ. ಒಂದೆರಡು ತಂದಿಟ್ಟುಕೊಳ್ಳಿ, ಹಿತ್ತಲಿನಲ್ಲಿ ಎಲ್ಲದಕ್ಕೂ ಬರುತ್ತದೆ.

ಪಕ್ಕದಲ್ಲೇ ಒಂದು ಹಣತೆಗಿಂತ ಸ್ವಲ್ಪ ದೊಡ್ಡ ಮಣ್ಣಿನ ಬಟ್ಟಲು, ನೆಲದ ಮಟ್ಟಕ್ಕೆ ಹೂಳಿದ್ದು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಹೊಟ್ಟೆಯ ಚರ್ಮದಿಂದ ಹೀರುತ್ತದೆ. ಅದಕ್ಕೆ ಆಳದ ನೀರು ಬೇಡ, ಕೂತರೆ ಹೊಟ್ಟೆ ತೇವವಾದರೆ ಸಾಕು. ಸಂಜೆ ಗಿಡಕ್ಕೆ ನೀರು ಹಾಕುವಾಗ ಹರವಿಯ ಮೇಲೂ ಒಂದು ತಂಬಿಗೆ ಸುರಿಯುತ್ತೇನೆ. ಸುಟ್ಟ ಮಣ್ಣು ಅದನ್ನು ಕುಡಿದು ರಾತ್ರಿಯಿಡೀ ತಂಪಾಗಿರುತ್ತದೆ. ಮೊದಲ ಅಡ್ಡಮಳೆ ಬಂದು ಈಸಲು ಎದ್ದ ರಾತ್ರಿ ಒಂದು ದೊಡ್ಡ ನೆಲಗಪ್ಪೆ ಹೆಂಚಿನ ಸಂದಿಯಲ್ಲಿ ಕೂತು ಒಂದೊಂದೇ ಈಸಲನ್ನು ನಾಲಗೆಯಿಂದ ಎಳೆದುಕೊಳ್ಳುತ್ತಿತ್ತು. ಎಷ್ಟು ಖುಷಿಯಾಯಿತು ಅಂದರೆ, ಮನೆಯವರನ್ನೆಲ್ಲ ಎಬ್ಬಿಸಿ ಕರೆತಂದೆ.

ಒಂದು ಮಾತು ಮರೆಯಬಾರದು. ಕಪ್ಪೆ ಇರುವಲ್ಲಿಗೆ ಹಾವು ಬರಬಹುದು. ಹರವಿಯನ್ನು ಬಾಗಿಲಿನಿಂದ ದೂರ, ಹಿತ್ತಲಿನ ಕೊನೆಗೆ ಇಡಿ. ಒಳಗೆ ಕೈ ಹಾಕಬೇಡಿ. ರಾತ್ರಿ ಆ ಕಡೆ ಹೋಗುವಾಗ ಟಾರ್ಚ್ ಬೇಕು, ಕಾಲಿಗೆ ಚಪ್ಪಲಿಗಿಂತ ಬೂಟು ಒಳ್ಳೆಯದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ.

ಭರಣಿ: ಹಕ್ಕಿ ತಟ್ಟೆಗೆ ಕಂಬ

ಭರಣಿಯ ತುಟಿ ಒಂದು ಕಡೆ ಮುರಿದಿತ್ತು. ಮುರಿದ ಕಲ್ಲುಮಣ್ಣು ಗಾಜಿನಷ್ಟೇ ಹರಿತ. ಮೊದಲು ಆ ಅಂಚನ್ನು ಚಾಕು ಮಸೆಯುವ ಕಾರ್ಬೊರಂಡಮ್ ಕಲ್ಲಿನಿಂದ ಉಜ್ಜಿ ಮೊಂಡು ಮಾಡಿದೆ. ಕಲ್ಲನ್ನೂ ಅಂಚನ್ನೂ ಒದ್ದೆ ಮಾಡಿಕೊಂಡೇ ಉಜ್ಜಬೇಕು. ಒಣದು ಉಜ್ಜಿದರೆ ಏಳುವ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಇರಲಿ. ಹೋದ ಭಾಗವನ್ನು ಎಂ-ಸೀಲ್ ಕಲಸಿ ಕಟ್ಟಿದೆ. ಕೈಗೆ ನೀರು ಹಚ್ಚಿಕೊಂಡು ತೀಡಿದರೆ ನಯವಾಗಿ ಕೂರುತ್ತದೆ. ಗಟ್ಟಿಯಾಗುವ ಮೊದಲು ಒಂದು ಚಪ್ಪಟೆ ಹಲಗೆಗೆ ಎಣ್ಣೆ ಸವರಿ ಬಾಯಿಯ ಮೇಲೆ ಒತ್ತಿದೆ. ತುಟಿಯೆಲ್ಲ ಒಂದೇ ಮಟ್ಟಕ್ಕೆ ಬಂತು. ಮೇಲೆ ತಟ್ಟೆ ಅಲ್ಲಾಡದೆ ಕೂರಲು ಈ ಮಟ್ಟವೇ ಮುಖ್ಯ. ಬಣ್ಣ ಹಚ್ಚಲಿಲ್ಲ. ಎಲ್ಲಿ ಹೊಸದು ಸೇರಿದೆ ಅಂತ ನೋಡಿದವರಿಗೆ ತಿಳಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಭರಣಿ ಗಾಳಿಗೆ ಉರುಳಬಾರದು ಅಂತ ಮುಕ್ಕಾಲು ಭಾಗ ಮರಳು ತುಂಬಿದೆ. ನೆಲದ ವಿಷಯಕ್ಕೆ ಬಂದರೆ, ನಮ್ಮದು ಮಸಾರಿ (ಕೆಂಪು) ಮಣ್ಣು, ತೊಂದರೆ ಇಲ್ಲ. ಒಂದು ಹಾಸುಗಲ್ಲು ಹಾಕಿ ಅದರ ಮೇಲೆ ಇಟ್ಟೆ. ಆದರೆ ಹುಬ್ಬಳ್ಳಿ, ಅಣ್ಣಿಗೇರಿ, ಗದಗ ಕಡೆಯ ಎರಿ (ಕಪ್ಪು) ಮಣ್ಣಿನಲ್ಲಿ ಇದು ನಡೆಯುವುದಿಲ್ಲ. ಎರಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಂಬ ವಾಲುವುದು ಖಂಡಿತ. ಹುಬ್ಬಳ್ಳಿಯ ಗೆಳೆಯರ ಹಿತ್ತಲಿನಲ್ಲಿ ಇದೇ ಕೆಲಸಕ್ಕೆ ಒಂದೂವರೆ ಅಡಿ ತೋಡಿ, ಎರಿ ಹೊರಗೆ ಹಾಕಿ, ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ತುಂಬಿ, ನೀರು ಹೊಡೆದು ದಮ್ಮಸು ಮಾಡಿ ಆಮೇಲೆ ಕಲ್ಲು ಹಾಕಿದೆವು.

ಮೇಲಿನ ತಟ್ಟೆ ಖಾನಾಪುರದ್ದೇ, ಮೆರುಗಿಲ್ಲದ್ದು, ಅಗಲ ಒಂದೂವರೆ ಅಡಿ. ಹಳೇ ಹರವಿಗಳ ಮೇಲೆ ಮುಚ್ಚುತ್ತಿದ್ದ ಬಗೆಯದು. ಭರಣಿಗೂ ತಟ್ಟೆಗೂ ನಡುವೆ ಸಿಮೆಂಟ್ ಹಾಕಲಿಲ್ಲ. ಸುಣ್ಣ, ಇಟ್ಟಿಗೆ ಪುಡಿ ಕಲಸಿದ ಗಾರೆಯ ತೆಳುವಾದ ಬಳೆ ಮಾಡಿ ಅದರ ಮೇಲೆ ಕೂರಿಸಿದೆ. ಗಾರೆ ಮೆದು. ನಾಳೆ ಭರಣಿಯನ್ನು ಬಿಡಿಸಬೇಕು ಅಂದರೆ ಚಾಕುವಿನಿಂದ ಕೆರೆದು ತೆಗೆಯಬಹುದು. ಸಿಮೆಂಟ್ ಆದರೆ ಪಾತ್ರೆ ಒಡೆಯುತ್ತದೆಯೇ ಹೊರತು ಸಿಮೆಂಟ್ ಬಿಡುವುದಿಲ್ಲ.

ನೀರಿನ ಆಳ ನಡುವೆ ಎರಡು ಇಂಚು, ಅಂಚಿನಲ್ಲಿ ಅರ್ಧ ಇಂಚು. ಸಣ್ಣ ಹಕ್ಕಿಗಳು ಅಂಚಿನಿಂದ ನಡೆದುಕೊಂಡು ಇಳಿಯುತ್ತವೆ. ಮೆರುಗಿಲ್ಲದ ತರಿ ಮೈ ಅವುಗಳ ಕಾಲಿಗೆ ಹಿಡಿತ ಕೊಡುತ್ತದೆ. ನಡುವೆ ಒಂದು ಕಲ್ಲು ನೀರಿನಿಂದ ಮೇಲೆ ಎದ್ದಿರಲಿ. ಜೇನ್ನೊಣ ಅದರ ಮೇಲೆ ಕೂತು ಕುಡಿಯುತ್ತದೆ, ಬಿದ್ದ ಹುಳ ಅದನ್ನು ಹತ್ತಿ ಪಾರಾಗುತ್ತದೆ. ಪೊದೆಯಿಂದ ಆರೇಳು ಅಡಿ ದೂರ ಇರಬೇಕು. ಇನ್ನೂ ಹತ್ತಿರ ಇಟ್ಟರೆ ಬೆಕ್ಕು ಅಡಗಿ ಕೂರುತ್ತದೆ. ತೀರಾ ದೂರ ಇಟ್ಟರೆ ಶಿಕ್ರ ಗಿಡುಗ ಬಂದಾಗ ಹಕ್ಕಿಗೆ ಓಡಲು ಜಾಗ ಇರುವುದಿಲ್ಲ.

ತಟ್ಟೆಯಿಂದ ನೀರು ಸ್ವಲ್ಪ ಸ್ವಲ್ಪ ಜಿನುಗಿ ಭರಣಿಯ ಬುಡದ ಮಣ್ಣು ಸದಾ ತೇವ ಇರುತ್ತದೆ. ಅದನ್ನು ತಡೆಯಲು ಹೋಗಲಿಲ್ಲ. ಚಿಟ್ಟೆಗಳು ಅಲ್ಲಿಗೆ ಬಂದು ಮಣ್ಣಿನ ಉಪ್ಪನ್ನು ಹೀರುತ್ತವೆ.

ಸೊಳ್ಳೆಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ವಾರ ಬೇಕು. ದಿನಾ ನೀರು ಚೆಲ್ಲಿ ತುಂಬಿದರೆ ಅದಕ್ಕೆ ಸಮಯವೇ ಸಿಗದು. ಆದರೆ ಸುಮ್ನೆ ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದಾಗ ಒಡೆಯುತ್ತದೆ. ತರಿ ಮೈಯ ತಟ್ಟೆಯಲ್ಲಿ ಅದಕ್ಕೆ ಇನ್ನೂ ಅನುಕೂಲ. ಅದಕ್ಕೇ ವಾರಕ್ಕೆರಡು ಸಲ ಅಂಚಿನ ಸುತ್ತ ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಬೇಕು. ಸೋಪು ಬೇಡ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಕಪ್ಪೆಯ ಬಟ್ಟಲಿಗೂ ಇದೇ ನಿಯಮ.

ಮೊದಲು ಬಂದದ್ದು ಪಿಕಳಾರ. ಆಮೇಲೆ ಹರಟೆಮಲ್ಲಗಳ ಗುಂಪು. ಅವು ಒಂದೊಂದಾಗಿ ಸ್ನಾನ ಮಾಡುವುದಿಲ್ಲ, ಎಲ್ಲವೂ ಒಟ್ಟಿಗೆ ಇಳಿದು ತಟ್ಟೆ ಖಾಲಿ ಮಾಡಿ ಹೋಗುತ್ತವೆ. ಅಳಿಲು ಅಂಚಿಗೆ ಹಿಂಗಾಲು ಕೊಟ್ಟು ತಲೆ ಕೆಳಗೆ ಮಾಡಿ ಕುಡಿಯುತ್ತದೆ. ಮಡಿವಾಳ ಹಕ್ಕಿ ಸಂಜೆ ಕತ್ತಲಾಗುವ ಹೊತ್ತಿಗೆ, ಉಳಿದವೆಲ್ಲ ಹೋದ ಮೇಲೆ ಬರುತ್ತದೆ. ಕೆಂಬೂತ ನೀರಿಗೆ ಬರುವುದು ಕಡಿಮೆ, ಬುಡದ ತೇವದಲ್ಲಿ ಬಸವನಹುಳ ಹುಡುಕುತ್ತದೆ.

ಮೆರುಗಿನ ಜಾಡಿ ಹೊರಗಿಡುವವರಿಗೆ ಒಂದು ಎಚ್ಚರಿಕೆ. ಬಾಯಿ ತೆರೆದ ಜಾಡಿಯನ್ನು ನೆಟ್ಟಗೆ ನಿಲ್ಲಿಸಬೇಡಿ. ಒಳಗಿನ ಮೈ ಗಾಜಿನ ಹಾಗೆ ಜಾರುತ್ತದೆ. ನೀರಿನ ಆಸೆಗೆ ಇಳಿದ ಓತಿಕ್ಯಾತ, ಅಳಿಲಿನ ಮರಿ ಮೇಲೆ ಬರಲಾರದೆ ಸಾಯುತ್ತವೆ. ಅಡ್ಡ ಮಲಗಿಸಿ, ಇಲ್ಲವೇ ಮುಚ್ಚಿ, ಇಲ್ಲವೇ ತಳದಿಂದ ಬಾಯಿಯವರೆಗೆ ಒಂದು ಒರಟು ಕೋಲು ಹಾಕಿಡಿ.

ಮಗಿಯಲ್ಲಿ ಗೂಡು

ಕಂಠ ಹಾರಿದ ಸಣ್ಣ ಮಗಿಗಳನ್ನು ಗೂಡಿಗೆ ಇಟ್ಟುಕೊಂಡಿದ್ದೆ. ನೀರು ಹೊರಹೋಗಲು ಕೆಳಗೆ ತೂತು ಬೇಕು. ಮಣ್ಣನ್ನು ರಾತ್ರಿಯಿಡೀ ನೆನೆಹಾಕಿ, ಒದ್ದೆ ಇರುವಾಗಲೇ ಕೊರೆಯಬೇಕು. ಡ್ರಿಲ್ಲಿನ ಹ್ಯಾಮರ್ ಬಂದ್ ಇರಲಿ, ವೇಗ ಕಡಿಮೆ ಇರಲಿ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಬಿಟ್ ಜಾರುವುದಿಲ್ಲ. ಮೊದಲು 3 ಎಂಎಂ, ಆಮೇಲೆ 6 ಎಂಎಂ. ಮಗಿಯ ಹಿಂದೆ ಮರಳಿನ ಚೀಲ ಇಟ್ಟು ಆಸರೆ ಕೊಡಿ. ಬಿಟ್ ಆ ಕಡೆ ಹೊರಬರುವಾಗ ಚಕ್ಕೆ ಏಳುವುದು ಅದರಿಂದ ತಪ್ಪುತ್ತದೆ.

ಬಾಯಿಗೆ ಗುಂಡಗೆ ಕತ್ತರಿಸಿದ ಹಲಗೆ. ಅದರಲ್ಲಿ ಗುಬ್ಬಿಗೆ 35 ಎಂಎಂ ಕಿಂಡಿ. ಇದಕ್ಕಿಂತ ದೊಡ್ಡದಾದರೆ ಮೈನಾ ಬಂದು ಹಿಡಿದುಕೊಳ್ಳುತ್ತದೆ. ಮಡಿವಾಳಕ್ಕೆ ಅಂತ ಇನ್ನೊಂದರಲ್ಲಿ 55 ಎಂಎಂ ಬಿಟ್ಟೆ. ಹಲಗೆಯನ್ನು ತಂತಿಯಿಂದ ಕಟ್ಟಿದೆ, ವರ್ಷಕ್ಕೊಮ್ಮೆ ತೆಗೆದು ಹಳೇ ಹುಲ್ಲು ಸ್ವಚ್ಛ ಮಾಡಬೇಕಲ್ಲ. ಮಗಿಯ ಸೊಂಟಕ್ಕೆ ಕಬ್ಬಿಣದ ಪಟ್ಟಿ ಸುತ್ತಿ, ಅದರ ಕೆಳಗೆ ರಬ್ಬರ್ ಇಟ್ಟು, ಹೆಂಚಿನ ಇಳಿಜಾರಿನ ಅಡಿಯಲ್ಲಿ ಒಂಬತ್ತು ಅಡಿ ಎತ್ತರಕ್ಕೆ ಗೋಡೆಗೆ ಬಿಗಿದೆ. ಧಾರವಾಡದ ಮಳೆ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ. ಅದಕ್ಕೇ ಕಿಂಡಿ ಮೂಡಣಕ್ಕೆ. ಮಧ್ಯಾಹ್ನದ ಬಿಸಿಲೂ ಆ ಗೋಡೆಗೆ ಬೀಳುವುದಿಲ್ಲ. ಮಣ್ಣಿನ ಗೂಡು ಬಿಸಿಲಿಗೆ ಬಿದ್ದರೆ ಒಲೆಯಾಗುತ್ತದೆ, ಮರಿಗಳು ಉಳಿಯುವುದಿಲ್ಲ. ಗುಬ್ಬಿ ಜೋಡಿಯೊಂದು ಹುಲ್ಲು ಹೊತ್ತು ತರುತ್ತಿದೆ. ಮಡಿವಾಳ ಕಿಂಡಿಯಲ್ಲಿ ಇಣುಕಿ ನೋಡಿದೆ, ಒಳಗೆ ಹೋಗಿಲ್ಲ.

ಇಂಕ್ ಬಾಟಲಿಗಳನ್ನು ಹೊರಗಿಡುವ ಯೋಚನೆ ಇರಲಿಲ್ಲ. ತೊಳೆದು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಅಡ್ಡ ಮಲಗಿಸಿದ್ದೆ. ಅಷ್ಟರಲ್ಲಿ ಕುಂಬಾರ ಹುಳ (ಮಣ್ಣಿನ ಗೂಡು ಕಟ್ಟುವ ಕಣಜ) ಒಂದು ಬಾಟಲಿಯನ್ನು ಆರಿಸಿಕೊಂಡಿತು. ಒದ್ದೆ ಮಣ್ಣಿನ ಉಂಡೆ ತಂದು ಬಾಯಿಯ ಬದಿಗೆ ಸಣ್ಣ ಗಡಿಗೆ ಕಟ್ಟಿತು, ಕಂಠ ತುಟಿ ಎಲ್ಲ ಸಹಿತ. ಅದರೊಳಗೆ ಒಂದು ಮೊಟ್ಟೆ ಇಟ್ಟು, ಕುಟುಕಿ ಮರಗಟ್ಟಿಸಿದ ಹಸಿರು ಕಂಬಳಿಹುಳಗಳನ್ನು ತುಂಬಿ, ಬಾಯಿ ಮುಚ್ಚಿ ಹೋಯಿತು. ಕಂಬಳಿಹುಳ ಸತ್ತಿರುವುದಿಲ್ಲ, ಹಾಗಾಗಿ ಮರಿಗೆ ಕೊನೆಯವರೆಗೂ ತಾಜಾ ಊಟ. ಮಣ್ಣು ತಂದದ್ದು ಭರಣಿಯ ಬುಡದಿಂದಲೇ, ಅಲ್ಲಿ ಸದಾ ತೇವ ಇರುತ್ತದಲ್ಲ. ಆ ಬಾಟಲಿ ಈಗ ಅಲ್ಲೇ ಇದೆ. ಮರಿ ಹೊರಬಂದು ಗಡಿಗೆ ಒಡೆಯುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ.

ಉಳಿದಿರುವುದು ದೊಡ್ಡ ವಾಡೆ, ಜೋಳ ತುಂಬಿಡುತ್ತಿದ್ದದ್ದು. ತಳದಲ್ಲಿ ಒಂದು ಹನಿ ಬಿಟ್ಟೆ. ಹನಿ ಇಂಗಿತು, ಜೊತೆಗೆ ಆ ಜಾಗ ಬೆರಳಿಗೆ ಮೆತ್ತಗಾಯಿತು. ಅಂದರೆ ಅದು ಸುಟ್ಟ ಪಾತ್ರೆಯೇ ಅಲ್ಲ, ಮಣ್ಣಿಗೆ ಹೊಟ್ಟು, ಸಗಣಿ ಕಲಸಿ ಬಿಸಿಲಿಗೆ ಒಣಗಿಸಿದ್ದು. ಹಿತ್ತಲಿಗೆ ಹಾಕಿದರೆ ಒಂದೇ ಮಳೆಗೆ ಕರಗುತ್ತದೆ. ಎಪಾಕ್ಸಿಯೂ ಅದಕ್ಕೆ ಆಗಿಬರುವುದಿಲ್ಲ, ಮೈ ಮೆದು, ಅಂಟು ತನ್ನ ಜೊತೆ ಚಕ್ಕೆಯನ್ನೇ ಕಿತ್ತುಕೊಂಡು ಬರುತ್ತದೆ. ಮಸಾರಿ ಮಣ್ಣು, ಗೋಧಿ ಹೊಟ್ಟು, ಸಗಣಿ ಕಲಸಿ ಒಂದು ವಾರ ಹುಳಿಯಲು ಬಿಟ್ಟಿದ್ದೇನೆ. ಬಿರುಕನ್ನು ನೀರು ಚಿಮುಕಿಸಿ ಮೆತ್ತಗೆ ಮಾಡಿ, ಅದರಿಂದಲೇ ತೆಳುವಾಗಿ ಪದರ ಪದರ ಮೆತ್ತಬೇಕು. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಮುಂಗಾರು ಹಿಡಿಯುವ ಮೊದಲು ಮುಗಿಸಿ ವಾಡೆಯನ್ನು ಪಡಸಾಲೆಯ ಒಳಮೂಲೆಯಲ್ಲಿ, ಹಲಗೆಯ ಮೇಲೆ ಇಡುತ್ತೇನೆ.